ಕಾರಣ ಸಿಗದ ರಾತ್ರಿಗಳು

ರಾತ್ರಿ ಎರಡು ಅಥವಾ ಮೂರು ಗಂಟೆಯ ಹೊತ್ತು. ಸಂಜೆ ಚೆನ್ನಾಗಿ ಆಡಿ, ಉಂಡು ಮಲಗಿದ್ದ ಆರೇಳು ವರ್ಷದ ಮಗು ತಟ್ಟನೆ ಎದ್ದು ಕೂತು ಹಾಸಿಗೆಯ ಮೇಲೇ ಕಾರಿಕೊಳ್ಳುತ್ತದೆ. ಮೈ ಬಿಸಿಯಿಲ್ಲ, ಭೇದಿಯಿಲ್ಲ, ಅದೇ ಅನ್ನ ಸಾರು ಉಂಡ ಮನೆಯ ಬೇರೆ ಯಾರಿಗೂ ಏನೂ ಆಗಿಲ್ಲ. ಬಾಯಿ ತೊಳೆಸಿ, ಕಂಬಳಿ ಬದಲಿಸಿ ಮಲಗಿಸಿದರೆ ಮತ್ತೆ ನಿದ್ದೆ ಹೋಗುತ್ತದೆ. ಬೆಳಗ್ಗೆ ಎದ್ದು ದೋಸೆಗೆ ಬೆಲ್ಲ ಕೇಳುತ್ತದೆ, ಶಾಲೆಗೂ ಹೋಗುತ್ತದೆ. ತಿಂಗಳೋ ಎರಡು ತಿಂಗಳೋ ಕಳೆದ ಮೇಲೆ ಇನ್ನೊಂದು ರಾತ್ರಿ ಮತ್ತೆ ಹಾಗೇ. ತೂಕ ಸರಿಯಿದೆ, ರಕ್ತಪರೀಕ್ಷೆ ಸರಿಯಿದೆ, ಡಾಕ್ಟರು ‘ಏನೂ ಇಲ್ಲ’ ಎಂದು ಕಳಿಸುತ್ತಾರೆ. ಹೆತ್ತವರನ್ನು ಕಾಡುವುದು ಆ ‘ಏನೂ ಇಲ್ಲ’ವೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಅದನ್ನು ತುಂಬುವುದಕ್ಕೆ ಉತ್ತರಗಳ ಬರವಿಲ್ಲ. ಪಿತ್ತ ಎನ್ನುವವರು ಜೀರಿಗೆ ಕಷಾಯ ಕುದಿಸುತ್ತಾರೆ. ಜಂತುಹುಳ ಎನ್ನುವವರು ಮಾತ್ರೆ ತರಿಸುತ್ತಾರೆ. ದೃಷ್ಟಿ ಎನ್ನುವ ಅಜ್ಜಿ ಒಣಮೆಣಸು, ಉಪ್ಪು, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು ಮಗುವಿಗೆ ಇಳಿ ತೆಗೆದು ಒಲೆಗೆ ಹಾಕುತ್ತಾರೆ. ಅಷ್ಟಕ್ಕೂ ನಿಲ್ಲದಿದ್ದರೆ ನೋಟ ಕೇಳುವುದು, ಅಂತ್ರ ಕಟ್ಟಿಸುವುದು, ಚೌಡಿಗೆ ಹರಕೆ ಹೇಳಿಕೊಳ್ಳುವುದು. ಇಲ್ಲಿರುವ ಪ್ರಶ್ನೆ ವೈದ್ಯಕ್ಕಿಂತ ಧರ್ಮಕ್ಕೆ ಹತ್ತಿರದ್ದು: ಕಾರಣ ಕಾಣದ ಸಂಗತಿಯನ್ನು ಕಾಣದ್ದೆಂದೇ ಇಟ್ಟುಕೊಂಡು ಬದುಕಲು ನಮ್ಮ ನಂಬಿಕೆ ಬಿಡುತ್ತದೆಯೇ, ಅಥವಾ ಅಲ್ಲಿ ಯಾರನ್ನಾದರೂ ತಂದು ಕೂರಿಸಲೇಬೇಕೇ? ಬಿಡುತ್ತದೆ, ನಾವು ಎಣಿಸಿದ್ದಕ್ಕಿಂತ ಧಾರಾಳವಾಗಿಯೇ ಬಿಡುತ್ತದೆ ಎಂಬುದು ನನ್ನ ವಾದ. ಯಾರನ್ನಾದರೂ ಕೂರಿಸಲೇಬೇಕೆಂಬ ಹಟ ನಮ್ಮ ಹೆದರಿಕೆಯದು.

ಮೊದಲು ವೈದ್ಯರಿಗೆ ಗೊತ್ತಿರುವುದನ್ನು ನೋಡೋಣ. ಆರೋಗ್ಯವಾಗಿರುವ ಮಕ್ಕಳು ಹೀಗೆ ಆಗಾಗ ವಾಂತಿ ಮಾಡಿಕೊಳ್ಳುವುದು ಹೊಸ ವಿಷಯವಲ್ಲ. 1882ರಲ್ಲೇ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇಂಥ ಒಂಬತ್ತು ಮಕ್ಕಳ ವಿವರ ಬರೆದಿಟ್ಟಿದ್ದ. ಇದರ ತೀವ್ರ ರೂಪವನ್ನು ಇಂದಿನ ವೈದ್ಯರು ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡದೆ ಕಾರುವುದು, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ರೀತಿಯಲ್ಲಿ ಸುರುವಾಗುವುದು, ನಡುವಿನ ದಿನಗಳಲ್ಲಿ ಮಗು ಪೂರ್ತಿ ಸರಿಯಿರುವುದು ಅದರ ಗುರುತು. ಬೆಳಗಿನ ಜಾವ ಅದಕ್ಕೆ ಪ್ರಿಯವಾದ ಹೊತ್ತು. ಅಪರೂಪಕ್ಕೊಮ್ಮೆ ಕಾರುವ ಎಲ್ಲ ಮಕ್ಕಳಿಗೂ ಆ ದೊಡ್ಡ ಹೆಸರು ಹೊಂದುವುದಿಲ್ಲ. ಕೆಲವರಿಗೆ ತಡವಾಗಿ ಉಂಡದ್ದು ಮೇಲೆ ಬರುತ್ತದೆ, ಕೆಲವರಿಗೆ ಗಂಟಲಿಗಿಳಿದ ಕಫದಿಂದ ಕೆಮ್ಮು ಬಂದು ಅದು ವಾಂತಿಯಲ್ಲಿ ಮುಗಿಯುತ್ತದೆ. ಆದರೆ ಸೈಕ್ಲಿಕ್ ವಾಮಿಟಿಂಗ್ ಬಗ್ಗೆ ತಿಳಿದದ್ದು ಈ ಚಿಕ್ಕ ತೊಂದರೆಗೂ ಬೆಳಕು ಚೆಲ್ಲುತ್ತದೆ. ಅಂಥ ಮಕ್ಕಳ ಮನೆಯಲ್ಲಿ ತಾಯಿಗೋ ಚಿಕ್ಕಮ್ಮನಿಗೋ ಅರೆತಲೆನೋವು ಇರುವುದು ಹೆಚ್ಚು. ಮಗುವಿಗೆ ಹುಲಿಕಲ್ ಘಾಟಿಯದೋ ಆಗುಂಬೆ ಘಾಟಿಯದೋ ತಿರುವಿನಲ್ಲಿ ಬಸ್ಸಿನ ವಾಂತಿ ಆಗುವುದುಂಟು. ಬೆಳೆದ ಮೇಲೆ ಹಲವರಲ್ಲಿ ವಾಂತಿ ನಿಂತು ಅದೇ ಅರೆತಲೆನೋವಾಗಿ ಕಾಣಿಸಿಕೊಳ್ಳುತ್ತದೆ. ತೊಂದರೆಯ ಮೂಲ ಹೊಟ್ಟೆಗಿಂತ ಮಿದುಳಿನಲ್ಲಿದೆ ಎಂಬಷ್ಟು ಗೊತ್ತಾಗಿದೆ. ಈ ಮಗುವಿಗೇ, ಈ ರಾತ್ರಿಯೇ ಯಾಕೆ ಎಂಬುದು ಗೊತ್ತಾಗಿಲ್ಲ.

ಗೊತ್ತಾದವುಗಳಲ್ಲಿ ಒಂದು ಅಂಶ ನಮ್ಮ ಚರ್ಚೆಗೆ ಬಹಳ ಮುಖ್ಯ. ಈ ವಾಂತಿಯನ್ನು ಕೆರಳಿಸುವ ಸಂಗತಿಗಳಲ್ಲಿ ನಿದ್ದೆಗೇಡು, ಹೊತ್ತುಮೀರಿದ ಊಟ, ದಣಿವು, ನೆಗಡಿಗಳ ಜೊತೆಗೆ ಸಂತೋಷದ ಉದ್ವೇಗವೂ ಇದೆ. ಹಬ್ಬ, ಹುಟ್ಟುಹಬ್ಬ, ಪ್ರವಾಸದ ಆಸುಪಾಸಿನಲ್ಲಿ ಅದು ಹೆಚ್ಚು. ಈಗ ಮಲೆನಾಡಿನ ಒಂದು ಮಗುವಿಗೆ ಇವೆಲ್ಲ ಒಟ್ಟಿಗೆ ಬರುವ ದಿನ ಯಾವುದು? ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮಧ್ಯಾಹ್ನ ಮೂರಕ್ಕೆ ಎಲೆ ಹಾಕುವ ಮದುವೆಮನೆ, ಬೆಳಗಾಗುವ ತನಕ ನಡೆಯುವ ಯಕ್ಷಗಾನ. ಹೊಸ ಅಂಗಿ ತೊಟ್ಟ ಮಗುವನ್ನು ನಾಲ್ಕು ಜನ ನೋಡಿ, ಕೆನ್ನೆ ಹಿಂಡಿ, ‘ಎಷ್ಟು ಮುದ್ದಾಗಿದೆ’ ಎನ್ನುವುದೂ ಅದೇ ದಿನ. ಆ ರಾತ್ರಿ ಮಗು ಕಾರಿಕೊಂಡರೆ ‘ನಾಲ್ಕು ಜನರ ಕಣ್ಣು ಬಿತ್ತು’ ಎಂಬ ಮಾತು ಬಾರದೆ ಇರುತ್ತದೆಯೇ? ಇಲ್ಲಿ ಅಜ್ಜಿಯ ಅವಲೋಕನವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ದುಡುಕುತ್ತಾರೆ. ಜನ ಸೇರಿದ ದಿನ ಕಳೆದ ಮೇಲೆ ಮಗು ಕಾರುತ್ತದೆ ಎಂಬ ಅವರ ಗಮನಿಕೆ ಖರೆ. ಪರದೇಶದ ಆಸ್ಪತ್ರೆಗಳು ಬರೆದಿಟ್ಟುಕೊಂಡದ್ದೂ ಇದನ್ನೇ. ಕಂಡದ್ದು ಸರಿಯಾಗಿದೆ, ಅದರ ಮೇಲೆ ಕಟ್ಟಿದ ಊಹೆ ಜಾರಿದೆ. ಜನ ನೋಡಿದ್ದೂ ಮಗು ಕಾರಿದ್ದೂ ಒಂದೇ ದಿನದ ಎರಡು ಫಲಗಳು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.

ಈ ಜಾರುವಿಕೆಯನ್ನು ಪತ್ತೆಹಚ್ಚಲು ಪಶ್ಚಿಮದ ತರ್ಕಶಾಸ್ತ್ರವನ್ನು ಕರೆತರಬೇಕಾಗಿಲ್ಲ, ನ್ಯಾಯದರ್ಶನವೇ ಸಾಕು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂಬ ಕಾಕತಾಳೀಯವನ್ನು ನಾವು ದಿನಾ ಬಳಸುತ್ತೇವೆ, ಆದರೆ ನೈಯಾಯಿಕರ ಕಾವಲು ಅದಕ್ಕಿಂತ ಬಿಗಿಯಾದದ್ದು. ಎರಡು ಸಂಗತಿಗಳಿಗೆ ನಂಟಿದೆ ಎನ್ನಬೇಕಾದರೆ ಇದು ಇದ್ದಾಗಲೆಲ್ಲ ಅದಿರಬೇಕು. ಅದಿಲ್ಲದಾಗ ಇದೂ ಇರಬಾರದು. ಅನ್ವಯ, ವ್ಯತಿರೇಕ ಎರಡೂ ಬೇಕು. ಜಾತ್ರೆಗೆ ಹೋಗಿ ನೂರು ಕಣ್ಣಿಗೆ ಬಿದ್ದೂ ಸುಖವಾಗಿ ನಿದ್ದೆ ಮಾಡಿದ ರಾತ್ರಿಗಳನ್ನು ಯಾರೂ ಎಣಿಸಿಡುವುದಿಲ್ಲ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಯಾರೂ ಮನೆ ಮೆಟ್ಟಿಲು ಹತ್ತದಿದ್ದಾಗಲೂ ಕಾರಿಕೊಂಡ ರಾತ್ರಿಯ ಮಟ್ಟಿಗೆ ‘ಸೋಕು’ ಎಂದು ಇನ್ನೊಂದು ಮಾತು ಹುಡುಕುತ್ತೇವೆ. ಪರಿಹಾರದ ವಿಷಯವೂ ಹೀಗೇ. ತಾನಾಗಿ ನಿಲ್ಲುವ ವಾಂತಿಗೆ ಏನು ಮಾಡಿದರೂ ನಿಲ್ಲುತ್ತದೆ. ಇಳಿ ತೆಗೆದರೂ ನಿಲ್ಲುತ್ತದೆ, ಕಷಾಯ ಕೊಟ್ಟರೂ ನಿಲ್ಲುತ್ತದೆ, ಪೇಟೆಯ ಡಾಕ್ಟರ ಸಿರಪ್ಪು ಕುಡಿಸಿದರೂ ನಿಲ್ಲುತ್ತದೆ. ಕೊನೆಯದನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾದೀತು.

ದೃಷ್ಟಿಯ ನಂಬಿಕೆಯಲ್ಲಿ ಪರೀಕ್ಷೆಯ ಗುಣವಿರುವ ಒಂದು ಅಂಶವಿದೆ, ಅದನ್ನು ಹತ್ತಿರದಿಂದ ನೋಡಬೇಕು. ಇಳಿ ತೆಗೆದ ಮೆಣಸನ್ನು ಒಲೆಗೆ ಹಾಕಿದಾಗ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇರಲಿಲ್ಲ ಎಂದು ಲೆಕ್ಕ. ಘಾಟೇ ಬರಲಿಲ್ಲವೆಂದರೆ ದೃಷ್ಟಿ ಜೋರಾಗಿಯೇ ತಾಗಿತ್ತು. ಘಾಟು ಬಾರದೆ ಇರುವುದನ್ನು ಮನೆಮಂದಿ ಕಣ್ಣಾರೆ ನೋಡಿರುತ್ತಾರೆ, ಅದು ಕಟ್ಟುಕಥೆಯಲ್ಲ. ಆದರೆ ಮೆಣಸಿನ ಘಾಟು ಏಳುವುದು ಅದು ಬಾಡಿದ ಕೆಂಡದ ಮೇಲೆ ಸುಟ್ಟು ಕರಕಲಾಗುತ್ತ ಹೊಗೆಯಾಡಿದಾಗ. ಧಗಧಗ ಉರಿಯುವ ಒಲೆಯ ಬಾಯಿಗೆ ಬಿದ್ದ ಮೆಣಸು ಬೇಗನೆ ಉರಿದುಹೋಗಿ, ಎದ್ದಷ್ಟು ಹೊಗೆಯನ್ನು ಹೊಗೆಗೂಡು ಎಳೆದುಕೊಳ್ಳುತ್ತದೆ. ಫಲ ಮಗುವಿನ ಮೇಲೆ ನಿಂತಿಲ್ಲ, ಒಲೆಯ ಮೇಲೆ ನಿಂತಿದೆ. ನ್ಯಾಯಶಾಸ್ತ್ರ ಇಂಥದಕ್ಕೆ ಉಪಾಧಿ ಎನ್ನುತ್ತದೆ, ಅದಕ್ಕೆ ಅದು ಕೊಡುವ ಹೆಸರಾಂತ ಉದಾಹರಣೆಯೂ ಬೆಂಕಿ ಹೊಗೆಯದೇ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹೊಗೆ ಬರಲು ಹಸಿ ಸೌದೆ ಬೇಕು. ಅಟ್ಟದಲ್ಲಿ ಸೌದೆ ಒಣಗಿಸಿಟ್ಟುಕೊಂಡು ಮಳೆಗಾಲ ಕಳೆಯುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

‘ಹಾಗಾದರೆ ನಿಮ್ಮ ಸೈಕ್ಲಿಕ್ ವಾಮಿಟಿಂಗ್ ಮಾತ್ರ ಏನು? ಗೊತ್ತಿಲ್ಲ ಎಂಬುದಕ್ಕೆ ಇಂಗ್ಲಿಷಿನ ಹೆಸರಲ್ಲವೇ?’ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ವರ್ಣನೆಯಿದೆ. ಪೂತನಾ ಹಿಡಿದ ಮಗು ಹಗಲು ಸುಖವಾಗಿ ಮಲಗುತ್ತದೆ, ರಾತ್ರಿ ಮಲಗುವುದಿಲ್ಲ, ವಾಂತಿ ಭೇದಿಯಿಂದ ಬಳಲುತ್ತದೆ, ಬಾಯಾರುತ್ತದೆ ಎಂದು ಅಲ್ಲಿದೆ. ಲಕ್ಷಣಗಳನ್ನು ಗುಂಪುಮಾಡಿ ಒಂದು ಹೆಸರಿಡುವ ಕೆಲಸದಲ್ಲಿ ಪೂತನೆಗೂ ಸಿಂಡ್ರೋಮಿಗೂ ಅಂಥ ದೂರವಿಲ್ಲ ಎಂದು ಒಪ್ಪುತ್ತೇನೆ. ಅಂತರ ಇರುವುದು ಹೆಸರು ಇಟ್ಟ ಮೇಲೆ. ಇಂದಿನ ಹೆಸರು ತಾನು ಯಾವಾಗ ತಪ್ಪಾಗಬಹುದು ಎಂಬುದನ್ನೂ ಜೊತೆಗೇ ಹೇಳುತ್ತದೆ. ಹಸಿರು ವಾಂತಿಯಾದರೆ, ರಕ್ತ ಕಂಡರೆ, ಬೆಳಗಿನ ತಲೆನೋವಿನ ಜೊತೆ ವಾಂತಿ ಬಂದರೆ, ಮಗು ನಡೆಯುವಾಗ ತಡವರಿಸಿದರೆ, ತೂಕ ಇಳಿಯುತ್ತಿದ್ದರೆ, ಬಾಯಾರಿಕೆ ಮೂತ್ರ ಎರಡೂ ವಿಪರೀತವಾದರೆ ‘ನನ್ನನ್ನು ನಂಬಬೇಡಿ, ಬೇರೇನೋ ಇದೆ, ಹುಡುಕಿ’ ಎನ್ನುತ್ತದೆ. ದೃಷ್ಟಿಗೆ ಅಂಥ ಬಾಗಿಲಿಲ್ಲ. ಇಳಿ ತೆಗೆದ ಮೇಲೂ ವಾಂತಿ ನಿಲ್ಲದಿದ್ದರೆ ಅದು ಇನ್ನೂ ಬಲವಾದ ದೃಷ್ಟಿಯಾಗುತ್ತದೆಯೇ ಹೊರತು ದೃಷ್ಟಿಯಲ್ಲ ಎಂದಾಗುವುದಿಲ್ಲ.

ಊಹೆ ಮಾಡುವುದು ತಪ್ಪಲ್ಲ, ಊಹೆಯನ್ನು ಬಿಡಲಾರದೆ ಹೋಗುವುದು ತಪ್ಪು. ಶಿವಮೊಗ್ಗ ಜಿಲ್ಲೆಗೆ ಇದು ಪುಸ್ತಕದಿಂದ ಕಲಿಯಬೇಕಾದ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಜ್ವರ ಬಂದು ಮಲಗಿದರು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಮುಂದಿದ್ದ ಮೊದಲ ಸಂಶಯ ಹಳದಿ ಜ್ವರದ್ದು. ಭಾರತದಲ್ಲಿ ಎಂದೂ ಇರದಿದ್ದ ರೋಗ ಬಂದೇಬಿಟ್ಟಿತೇ ಎಂಬ ಭಯ ಅದು. ಪರೀಕ್ಷೆ ಬೇರೆಯದನ್ನೇ ಹೇಳಿತು: ಉಣುಗಿನಿಂದ ಹರಡುವ, ರಷ್ಯದ ಕಾಡುಗಳ ಮಿದುಳುಜ್ವರಕ್ಕೆ ಬಳಗವಾದ ಹೊಸ ವೈರಸ್. ಹಳೆಯ ಊಹೆಯನ್ನು ಕೈಬಿಟ್ಟರು. ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ಇನ್ನೂ ನಿಧಾನದ್ದು. 1970ರ ದಶಕದ ನಡುವೆ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾಗದ ಸ್ಥಿತಿ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನುಗಳ ಮೂಲಕ ಮೈಸೇರಿತು ಎಂಬ ವಿವರಣೆ ಹುಟ್ಟಿ ಬಹಳ ದೂರ ಹೋಯಿತು. ಆಮೇಲಿನ ಅಧ್ಯಯನಗಳು ಅದನ್ನು ವಂಶವಾಹಿಯಲ್ಲಿ ಬರುವ ಮೂಳೆಯ ದೋಷವೆಂದು ಗುರುತಿಸಿದವು. ನಡುವಿನ ಆ ವರ್ಷಗಳಲ್ಲಿ ‘ಇನ್ನೂ ಗೊತ್ತಿಲ್ಲ’ ಎನ್ನುವುದೇ ನಿಜವಾದ ಉತ್ತರವಾಗಿತ್ತು, ಏಡಿ ತಿಂದದ್ದೇ ತಪ್ಪೆಂಬಂತೆ ಬಡವರ ತಟ್ಟೆಯ ಕಡೆ ಬೆರಳು ಹೋಗುವುದನ್ನು ಅದು ತಪ್ಪಿಸುತ್ತಿತ್ತು.

ಗೊತ್ತಿಲ್ಲ ಎನ್ನುವುದಕ್ಕೆ ನಮ್ಮ ಪರಂಪರೆಯಲ್ಲಿ ಮಾನವಿದೆಯೇ? ಇದೆ. ಚರಕ ಸಂಹಿತೆಯ ಸೂತ್ರಸ್ಥಾನದ 18ನೇ ಅಧ್ಯಾಯ ವೈದ್ಯನಿಗೆ ಒಂದು ಧೈರ್ಯ ಕೊಡುತ್ತದೆ: ರೋಗದ ಹೆಸರು ಗೊತ್ತಾಗಲಿಲ್ಲವೆಂದು ಯಾವತ್ತೂ ನಾಚಬೇಡ, ಎಲ್ಲ ವಿಕಾರಗಳಿಗೂ ನಿಶ್ಚಿತ ಹೆಸರು ಇರುವುದಿಲ್ಲ. ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಇದನ್ನೇ ಮರಳಿ ಹೇಳಿದ. ಅದೇ ಚರಕ ಸಂಹಿತೆ ನಿದಾನಸ್ಥಾನದಲ್ಲಿ ಉನ್ಮಾದದ ಚರ್ಚೆ ಬಂದಾಗ ಇನ್ನೂ ಕಟುವಾಗಿದೆ. ಬುದ್ಧಿವಂತನಾದವನು ರೋಗಕ್ಕೆ ದೇವರನ್ನೋ ಪಿತೃಗಳನ್ನೋ ರಾಕ್ಷಸರನ್ನೋ ದೂರಬಾರದು ಎನ್ನುತ್ತದೆ. ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದು ಸರಿಯಲ್ಲ. ಚರಕನ ಪ್ರಕಾರ ದೂರಬೇಕಾದ್ದು ತನ್ನ ಪ್ರಜ್ಞಾಪರಾಧವನ್ನು, ಅಂದರೆ ವಿವೇಕಗೆಟ್ಟು ತಾನೇ ಮಾಡಿಕೊಂಡ ತಪ್ಪನ್ನು. ಆರು ವರ್ಷದ ಮಗುವಿನ ಪ್ರಜ್ಞಾಪರಾಧ ಯಾವುದು? ಸುಶ್ರುತ ಆ ತಪ್ಪನ್ನು ತಾಯಿಯ ಮತ್ತು ದಾದಿಯ ಅಶುಚಿಯ ಮೇಲೆ ಹೊರಿಸುತ್ತಾನೆ, ಇಂದಿಗೂ ‘ಏನು ತಿನ್ನಿಸಿದೆ?’ ಎಂಬ ಮೊದಲ ಪ್ರಶ್ನೆ ಬೀಳುವುದು ಸೊಸೆಯ ಮೇಲೆ. ಶಾಸ್ತ್ರಗಳೂ ಹೊಣೆಗಾರರನ್ನು ಹುಡುಕುವ ಚಪಲದಿಂದ ಪೂರ್ತಿ ಪಾರಾಗಿಲ್ಲ. ನಾಚಬೇಡ ಎಂಬ ಚರಕನ ಮಾತನ್ನು ನಾನು ಎತ್ತಿಕೊಳ್ಳುತ್ತಿರುವುದು ಅದು ಹಳೆಯದೆಂದಲ್ಲ, ಈ ಚಪಲವನ್ನು ಅದು ಒಳಗಿನಿಂದಲೇ ಕತ್ತರಿಸುತ್ತದೆ ಎಂದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕರ್ಮ ಸಿದ್ಧಾಂತದ್ದು. ಕಾರಣವಿಲ್ಲದೆ ಏನೂ ಇಲ್ಲ, ಈ ಜನ್ಮದಲ್ಲಿ ಕಾಣದಿದ್ದರೆ ಹಿಂದಿನದರಲ್ಲಿದೆ. ಹಾಗಿರುವಾಗ ಕಾರಣ ಗೊತ್ತಿಲ್ಲ ಎಂದು ಕೂರುವುದು ನಾಸ್ತಿಕತೆಯ ಹತ್ತಿರ ಹೋದಂತಲ್ಲವೇ? ಕಾರಣವಿದೆ ಎನ್ನುವುದು ಒಂದು ನಂಬಿಕೆ, ಆ ಕಾರಣ ನನಗೆ ಗೊತ್ತು ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರು ಎರಡನೆಯದಕ್ಕೆ ಒಳಗಾಗಬೇಕಿಲ್ಲ. ಕರ್ಮದ ನಡೆ ಅರಿಯಲು ಕಷ್ಟವೆಂದು ಗೀತೆಯ 4ನೇ ಅಧ್ಯಾಯವೇ ಎಚ್ಚರಿಸುತ್ತದೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಪದ್ಮಾವತಿಗೆ ನಡೆದುಕೊಳ್ಳುವ ಜೈನರ ಸಿದ್ಧಾಂತದಲ್ಲಿ ಸುಖದುಃಖಗಳ ಅನುಭವಕ್ಕೆಂದೇ ವೇದನೀಯ ಎಂಬ ಕರ್ಮವಿದೆ, ಆದರೆ ಎಲ್ಲವನ್ನೂ ಇಡಿಯಾಗಿ ಅರಿಯುವುದು ಕೇವಲಜ್ಞಾನಿಗೆ ಮಾತ್ರ ಸಾಧ್ಯ. ಬುದ್ಧ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದಾಗ ಆತ ಎಂಟು ಕಾರಣಗಳನ್ನು ಎಣಿಸಿದ. ಮೊದಲನೆಯದು ಪಿತ್ತ. ಆಮೇಲೆ ಕಫ, ವಾತ, ಅವುಗಳ ಬೆರಕೆ, ಋತುವಿನ ಬದಲಾವಣೆ, ತಪ್ಪಿದ ಆರೈಕೆ, ಪೆಟ್ಟು. ಕರ್ಮ ಕೊನೆಯದು, ಎಂಟರಲ್ಲಿ ಒಂದು. ಎಲ್ಲವನ್ನೂ ಅದೊಂದಕ್ಕೇ ಕಟ್ಟುವವರು ತಮಗೆ ತಿಳಿದದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂದ. ಸಂಯುತ್ತ ನಿಕಾಯದ ಈ ಪಟ್ಟಿಯಲ್ಲಿ ಪಿತ್ತ ಮೊದಲು ನಿಂತದ್ದು ಜೀರಿಗೆ ಕಷಾಯದ ಪಕ್ಷದವರಿಗೆ ಸಮಾಧಾನ ತಂದೀತು.

‘ಇರಲಿ ಬಿಡಿ, ಒಂದು ಹಿಡಿ ಮೆಣಸು ಸುಟ್ಟರೆ ಯಾರಿಗೇನು ನಷ್ಟ?’ ಎನ್ನುವವರೇ ಬಹಳ. ಆಚರಣೆಯ ಮಟ್ಟಿಗೆ ಅವರ ಮಾತು ಸರಿ. ಚರಕ ಸಂಹಿತೆ ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುವಾಗ ದೈವವನ್ನು ಆಶ್ರಯಿಸಿದ್ದು, ಯುಕ್ತಿಯನ್ನು ಆಶ್ರಯಿಸಿದ್ದು, ಮನಸ್ಸನ್ನು ಹಿಡಿತಕ್ಕೆ ತರುವುದು ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ನಡುರಾತ್ರಿ ಹೆದರಿ ನಡುಗುವ ಮಗುವಿನ ತಲೆಯ ಮೇಲೆ ಅಜ್ಜಿಯ ಕೈ ಮೂರು ಸುತ್ತು ಬಂದರೆ ಮಗುವೂ ತಾಯಿಯೂ ಸಮಾಧಾನಗೊಳ್ಳುತ್ತಾರೆ, ಅದು ಸಣ್ಣ ಲಾಭವಲ್ಲ. ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬೋರ್ಡು ಹಾಕಿದವರೂ ಅಡಿಕೆ ಒಣಗಿಸುವಾಗ ರಾತ್ರಿ ಎದ್ದು ಟಾರ್ಚು ಬಿಡುತ್ತಾರೆ. ದೇವಿಗೆ ಅದರಿಂದ ಅವಮಾನವಾಯಿತೆಂದು ಯಾರೂ ತಿಳಿದದ್ದಿಲ್ಲ. ನಷ್ಟ ಇರುವುದು ಟಾರ್ಚು ಬಿಡದೆ ಮಲಗಿದಾಗ. ಕಟ್ಟುಹಾವಿನ ಕಡಿತವನ್ನೇ ನೋಡಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಗೊತ್ತಾಗದಷ್ಟು ಕಡಿಮೆ, ಬಾವು ಇರುವುದಿಲ್ಲ, ಗುರುತು ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಉಸಿರು ಕಟ್ಟುತ್ತದೆ. ನಿನ್ನೆಯ ತನಕ ಆರೋಗ್ಯವಾಗಿದ್ದ ಮಗು ಕಾರಣವಿಲ್ಲದೆ ರಾತ್ರಿ ಕಾರಿತು ಎಂಬ ಮಾತಿಗೆ ಇದೂ ಹೊಂದುತ್ತದೆ. ಆಗ ಗಂಟೆಯೊಳಗೆ ಆಸ್ಪತ್ರೆ ಸೇರಿ ಹಾವಿನ ವಿಷದ ಮದ್ದು ಸಿಗಬೇಕು. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಜ್ವರ, ತಲೆನೋವು, ಮೈಕೈನೋವಿನೊಂದಿಗೆ ವಾಂತಿ ಬಂದರೆ ಕ್ಯಾಸನೂರು ಕಾಡಿನ ಆ ಜ್ವರವನ್ನು, ಅಂದರೆ ಮಂಗನ ಕಾಯಿಲೆಯನ್ನು ನೆನೆಯಬೇಕು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಆ ಸೀಮೆ ಮರೆತಿಲ್ಲ. ಉತ್ತರ ಸಿಕ್ಕಿತು ಎಂದುಕೊಂಡ ಮನೆ ಮಗುವಿನ ರೆಪ್ಪೆಯನ್ನು ನೋಡುವುದಿಲ್ಲ. ಗೊತ್ತಿಲ್ಲ ಎಂದುಕೊಂಡ ಮನೆ ಬೆಳಗಾಗುವವರೆಗೆ ಮತ್ತೆ ಮತ್ತೆ ನೋಡುತ್ತದೆ.

ಇನ್ನೊಂದು ನಷ್ಟ ಮಗುವಿಗಲ್ಲ, ನೆರೆಯವರಿಗೆ. ಕಣ್ಣು ಬಿತ್ತು ಎಂದ ಕೂಡಲೇ ಯಾರ ಕಣ್ಣು ಎಂಬ ಪ್ರಶ್ನೆ ಹುಟ್ಟುತ್ತದೆ, ಅದು ಹೋಗಿ ನಿಲ್ಲುವುದು ಎಲ್ಲರ ಮೇಲೂ ಒಂದೇ ರೀತಿಯಲ್ಲಿ ಅಲ್ಲ. ಮಕ್ಕಳಿಲ್ಲದವಳು, ಗಂಡ ಸತ್ತವಳು, ಎಲ್ಲರ ಮಕ್ಕಳನ್ನೂ ಎತ್ತಿ ಮುದ್ದಾಡಲು ಆಸೆಪಡುವವಳು ಮೊದಲು ಸಿಗುತ್ತಾಳೆ. ಮುಂದಿನ ತೊಟ್ಟಿಲ ಶಾಸ್ತ್ರಕ್ಕೆ ಅವಳಿಗೆ ಕರೆ ಹೋಗುವುದಿಲ್ಲ, ಹೋದರೂ ಅವಳು ಬರುವ ಹೊತ್ತಿಗೆ ಮಗು ‘ಮಲಗಿರುತ್ತದೆ’. ಅವಳು ಇದಕ್ಕೆ ಎದುರು ವಾದಿಸಲೂ ಆಗದು, ಯಾಕೆಂದರೆ ಯಾರೂ ಎದುರಿಗೆ ಹೇಳಿರುವುದಿಲ್ಲ. ಸೋಜಿಗವೆಂದರೆ ಆಚರಣೆಗೆ ಈ ಹೆಸರು ಬೇಕಾಗಿಯೇ ಇಲ್ಲ. ಇಳಿ ತೆಗೆಯುವಾಗ ಅಜ್ಜಿಯಂದಿರು ಹೇಳಿಕೊಳ್ಳುವ ಮಾತು ಮನೆಯಿಂದ ಮನೆಗೆ ಬದಲಾಗುತ್ತದೆ, ಆದರೆ ಹಲವು ಮನೆಗಳಲ್ಲಿ ಅದರ ರೀತಿ ಒಂದೇ. ನಾಯಿ ನರಿಗಳ ಕಣ್ಣಿನಿಂದ ಸುರುವಾಗಿ, ದಾರಿಯಲ್ಲಿ ಹೋದವರು ಬಂದವರು, ನೆಂಟರು, ನೆರೆಯವರು, ಅಪ್ಪ, ಕೊನೆಗೆ ಹೆತ್ತ ತಾಯಿ ಕೂಡ ಆ ಪಟ್ಟಿಯಲ್ಲಿ ಬರುತ್ತಾರೆ. ತಾಯಿಯ ಕಣ್ಣೇ ಎಲ್ಲರಿಗಿಂತ ಬೇಗ ತಾಗುವುದು ಎಂಬ ನಂಬಿಕೆಯೂ ಇದೆ. ಯಾರನ್ನೂ ಬಿಡದ ಪಟ್ಟಿ ಯಾರನ್ನೂ ಬೊಟ್ಟುಮಾಡುವುದಿಲ್ಲ. ಆ ಪಟ್ಟಿಯಿಂದ ಒಬ್ಬಳನ್ನು ಹೆಕ್ಕಿ ತೆಗೆಯುವುದು ಮರುದಿನ, ಜಗಲಿಯಲ್ಲಿ ಕೂತು ಕವಳ ಹಾಕುತ್ತ ನಡೆಯುವ ಮಾತಿನಲ್ಲಿ. ಒಲೆಯ ಮುಂದಿನ ಅಜ್ಜಿಯನ್ನು ಅವರ ಪಾಡಿಗೆ ಬಿಟ್ಟು, ತಡೆಯಬೇಕಾದ್ದನ್ನು ಮನೆಯವರು ಆ ಜಗಲಿಯಲ್ಲಿ ತಡೆದರೆ ಸಾಕು.